ನರ್ಸರಿಯ ವೆಬ್‌ಸೈಟಿನಲ್ಲಿ ಪುಟದಿಂದ ಪುಟಕ್ಕೆ ದಾರಿ ಮಾಡುವುದು ಹೇಗೆ?

ಮೊದಲು ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ಎರಡು ಮೂರು ವಾರ ಬರೆದರೆ ಸಾಕು. ವೆಬ್‌ಸೈಟಿನ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೂತು ಸುತ್ತಲಿನ ಸಣ್ಣ ವ್ಯಾಪಾರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಡಿಕೆ, ತೆಂಗು, ಕಾಳುಮೆಣಸಿನ ಸಸಿ ಮಾರುವ ಒಂದು ನರ್ಸರಿಯ ಸೈಟನ್ನು. ಯಜಮಾನರನ್ನು ನಾನು ಮಾವ ಅಂತಲೇ ಕರೆಯುವುದು. ಅವರಿಗೆ ಪುತ್ತೂರು, ಸುಳ್ಯ, ವಿಟ್ಲದ ಕಡೆಯಿಂದ ಕನ್ನಡದಲ್ಲಿ ಫೋನ್ ಬರುತ್ತದೆ. ಕಾಞಂಗಾಡ್, ನೀಲೇಶ್ವರದ ಕಡೆಯಿಂದ ಮಲಯಾಳದಲ್ಲಿ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು ಇಂಥ ಮಾತುಗಳು: "ಮಂಗಳ ಸಸಿ ಉಂಟಾ?" "ಎಕರೆಗೆ ಎಷ್ಟು ಸಸಿ ಬೇಕು?" "ನಮ್ಮ ತೋಟದಲ್ಲಿ ನೆರಳು ಜಾಸ್ತಿ, ಯಾವ ಮೆಣಸು ಆಗುತ್ತದೆ?" "ಸುಳ್ಯಕ್ಕೆ ತಂದುಕೊಡ್ತೀರಾ?"

ಗೂಗಲ್‌ನಲ್ಲಿ ಜನ ಟೈಪ್ ಮಾಡುವುದೂ ಹೆಚ್ಚು ಕಡಿಮೆ ಇವನ್ನೇ. ಹಾಗಾಗಿ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಗುಂಪು ಮಾಡಿ. ಒಂದು ಗುಂಪಿಗೆ ಒಂದು ಪುಟ. ಮಂಗಳ ಅನ್ನುವ ಅಡಿಕೆ ತಳಿಗೆ ಒಂದು, ಮೋಹಿತ್‌ನಗರ ಅನ್ನುವ ಇನ್ನೊಂದು ಅಡಿಕೆ ತಳಿಗೆ ಒಂದು, ಸಸಿ ನೆಡುವ ಕ್ರಮಕ್ಕೆ ಒಂದು, ಸಾಗಾಟಕ್ಕೆ ಒಂದು. ಎಲ್ಲ ಸಸಿಗಳ ಹೆಸರನ್ನೂ ಒಂದೇ ಪುಟದಲ್ಲಿ ತುಂಬಿದರೆ, ಮಂಗಳ ಹುಡುಕಿಕೊಂಡು ಬಂದವರಿಗೆ ಆ ಪುಟವನ್ನೇ ತೋರಿಸಲು ಗೂಗಲ್‌ಗೆ ಬಲವಾದ ಕಾರಣ ಸಿಗುವುದಿಲ್ಲ.

ಲಿಂಕ್ ಯಾಕೆ ಬೇಕು?

ಗೂಗಲ್ ಹೊಸ ಪುಟಗಳನ್ನು ಮುಖ್ಯವಾಗಿ ಲಿಂಕ್ ಹಿಡಿದುಕೊಂಡು ಹೋಗಿ ಪತ್ತೆ ಮಾಡುತ್ತದೆ. ಗೂಗಲ್ ಕಟ್ಟಿದ ಲಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇದ್ದಾಗ ಹೇಳಿದ ಲೆಕ್ಕವೂ ಲಿಂಕಿನ ಮೇಲೆಯೇ ನಿಂತದ್ದು. ಒಂದು ಪುಟಕ್ಕೆ ಯಾವ ಪುಟಗಳಿಂದ ದಾರಿ ಇದೆ ಅನ್ನುವುದು ಆ ಪುಟದ ತೂಕವನ್ನು ಹೇಳುತ್ತದೆ. ಆಮೇಲೆ ಗೂಗಲ್‌ನ ಲೆಕ್ಕಾಚಾರಕ್ಕೆ ಬೇರೆ ಎಷ್ಟೋ ಸಂಗತಿಗಳು ಸೇರಿವೆ. ಆದರೆ ಲಿಂಕ್ ಇವತ್ತಿಗೂ ಬೇಕು.

ಬೇರೆಯವರ ಸೈಟಿನಿಂದ ನಿಮಗೆ ಲಿಂಕ್ ಸಿಗುವುದು ಅವರ ಮನಸ್ಸಿಗೆ ಬಿಟ್ಟದ್ದು. ನಿಮ್ಮದೇ ಸೈಟಿನ ಒಳಗೆ ಎಲ್ಲಿಂದ ಎಲ್ಲಿಗೆ ಲಿಂಕ್ ಇರಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ದುಡ್ಡೂ ಬೇಡ. ಆದರೂ ಹೆಚ್ಚಿನವರು ಮಾಡದೇ ಬಿಡುವುದು ಇದನ್ನೇ.

ಮುಂದಿನ ಪ್ರಶ್ನೆ ಹುಟ್ಟುವ ಜಾಗ

ನಾನು ಹಿಡಿದಿರುವ ನಿಯಮ ಒಂದೇ. ಓದುವವರಿಗೆ ಮುಂದಿನ ಪ್ರಶ್ನೆ ಯಾವ ವಾಕ್ಯದಲ್ಲಿ ಹುಟ್ಟುತ್ತದೋ ಅದೇ ವಾಕ್ಯದಲ್ಲಿ ಲಿಂಕ್ ಇಡಬೇಕು.

ಮಂಗಳ ಅಡಿಕೆಯ ಪುಟವನ್ನೇ ನೋಡೋಣ. ಇದು 1972ರಲ್ಲಿ ಬಿಡುಗಡೆಯಾದ ತಳಿ, ಬೇಗ ಫಸಲಿಗೆ ಬರುತ್ತದೆ. ಇಷ್ಟು ಓದಿದ ಮೇಲೆ ಕೃಷಿಕರು ಕೇಳುವುದು "ಎಷ್ಟು ಅಂತರದಲ್ಲಿ ನೆಡಬೇಕು" ಅಂತ. ಹಳೆಯ ಪುಟದ ಕೊನೆಯಲ್ಲಿ "ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ" ಅಂತ ಒಂದು ಸಾಲು ಇತ್ತು. ಅದನ್ನು ತೆಗೆದೆವು. ಈಗ ಪುಟದ ನಡುವೆ ಹೀಗಿದೆ: "9 ಅಡಿಗೆ 9 ಅಡಿ ಲೆಕ್ಕದಲ್ಲಿ ಎಕರೆಗೆ ಸುಮಾರು 540 ಸಸಿ ಬೇಕು. ಹೊಂಡ ಎಷ್ಟು ಆಳ, ಯಾವ ತಿಂಗಳು ಅನ್ನುವುದನ್ನು ಅಡಿಕೆ ಸಸಿ ನೆಡುವ ಕ್ರಮ ಪುಟದಲ್ಲಿ ವಿವರವಾಗಿ ಬರೆದಿದ್ದೇವೆ." ಇದರಲ್ಲಿ "ಅಡಿಕೆ ಸಸಿ ನೆಡುವ ಕ್ರಮ" ಅನ್ನುವ ನಾಲ್ಕು ಪದ ಮಾತ್ರ ಲಿಂಕ್.

ಆ ನಾಲ್ಕು ಪದ ಎರಡು ಕೆಲಸ ಮಾಡುತ್ತವೆ. ಒತ್ತಿದರೆ ಏನು ಸಿಗುತ್ತದೆ ಅಂತ ಓದುವವರಿಗೆ ಮೊದಲೇ ಗೊತ್ತಾಗುತ್ತದೆ. ಆ ಕಡೆಯ ಪುಟ ಯಾವುದರ ಬಗ್ಗೆ ಅಂತ ಗೂಗಲ್‌ಗೂ ತಿಳಿಯುತ್ತದೆ. "ಇಲ್ಲಿ ಕ್ಲಿಕ್ ಮಾಡಿ" ಅನ್ನುವುದರಿಂದ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಹೀಗೇ ಮುಂದೆ ಹೋಗಿ. ಅಡಿಕೆ ಮರ ಬಲಿತ ಮೇಲೆ ನಮ್ಮಲ್ಲಿ ಅದಕ್ಕೆ ಮೆಣಸಿನ ಬಳ್ಳಿ ಬಿಡುತ್ತಾರೆ. ಹಾಗಾಗಿ ಅಡಿಕೆ ಪುಟದಿಂದ ಕಾಳುಮೆಣಸಿನ ಪುಟಕ್ಕೆ ಲಿಂಕ್ ಇರುವುದು ಸಹಜ. ಪಣಿಯೂರು-1 ಅನ್ನುವ ಮೆಣಸಿನ ತಳಿಯ ಪುಟದಲ್ಲಿ "ನೆರಳು ಜಾಸ್ತಿ ಇರುವ ತೋಟಕ್ಕೆ ಇದು ಅಷ್ಟು ಒಗ್ಗುವುದಿಲ್ಲ" ಅಂತ ಬರೆದಿದ್ದೇವೆ. ಆ ವಾಕ್ಯ ಹಾಕುವಾಗ ಮಾವ ಸ್ವಲ್ಪ ಯೋಚನೆ ಮಾಡಿದರು.

"ಮಾರುವ ವಸ್ತುವಿನ ಬಗ್ಗೆ ನಾವೇ ಹಾಗೆ ಬರೆಯುವುದಾ?"

"ಮಾವ, ಫೋನಿನಲ್ಲಿ ನೀವು ಹೇಳುವುದೂ ಅದನ್ನೇ ಅಲ್ವಾ? ಕೆಳಗೆ ನೆರಳಿಗೆ ಒಗ್ಗುವ ಕರಿಮುಂಡ ಮೆಣಸಿನ ಪುಟಕ್ಕೆ ಲಿಂಕ್ ಕೊಡುವ. ಗಿರಾಕಿ ನಮ್ಮಲ್ಲೇ ಉಳಿಯುತ್ತಾರೆ."

ಅವರು ಒಪ್ಪಿದರು. ಸೈಟಿನಲ್ಲಿ ನನಗೆ ತುಂಬಾ ಇಷ್ಟವಾದ ಲಿಂಕ್ ಅದೇ. ಗಿರಾಕಿಯ ಹಿತ ನೋಡುವ ಮಾತು ಮತ್ತು ಹುಡುಕಾಟಕ್ಕೆ ಅನುಕೂಲವಾಗುವ ಮಾತು ಅಲ್ಲಿ ಒಂದೇ ಆಗಿದೆ.

ಇನ್ನೊಂದು ಉದಾಹರಣೆ ಅಡಿಕೆಯ ಕೊಳೆರೋಗದ ಪುಟ. ಮಳೆ ಹಿಡಿಯುವ ಮೊದಲು 1% ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಸೇರಿಸಿದ ಔಷಧಿ) ಸಿಂಪಡಿಸಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಅನ್ನುವ ವಿವರ ಅಲ್ಲಿದೆ. ಈ ಪುಟಕ್ಕೆ ಬರುವವರು ಸಸಿ ಕೊಳ್ಳಲು ಬಂದವರಲ್ಲ. ಅವರ ಮುಂದೆ "ಸಸಿ ಬುಕ್ ಮಾಡಿ" ಅಂತ ದೊಡ್ಡ ಪಟ್ಟಿ ಹಾಕಿದರೆ ಕಿರಿಕಿರಿ. ಆದರೆ ಕೊಳೆ ಸುಳಿಗೆ ತಗುಲಿದರೆ ಮರವೇ ಸಾಯುತ್ತದೆ. ಆ ಮಾತು ಬಂದಲ್ಲಿ, ಖಾಲಿಯಾದ ಜಾಗದಲ್ಲಿ ಮರುನಾಟಿ ಮಾಡುವ ಪುಟಕ್ಕೆ ಒಂದು ಲಿಂಕ್ ಸಾಕು. ಅಲ್ಲಿಂದ ಸಸಿಯ ಪುಟಕ್ಕೆ ಹೋಗಬೇಕಾದವರು ಹೋಗುತ್ತಾರೆ.

ಒಂದು ಪುಟದಲ್ಲಿ ಎಷ್ಟು ಲಿಂಕ್ ಇರಬಹುದು ಅಂತ ತುಂಬಾ ಜನ ಕೇಳುತ್ತಾರೆ. ಹೀಗೇ ಇಷ್ಟು ಅಂತ ಸಂಖ್ಯೆ ಇಲ್ಲ. ಓದುವವರಿಗೆ ಪ್ರಯೋಜನ ಇದ್ದಲ್ಲಿ ಇಡಿ. ಒಂದೇ ಪುಟಕ್ಕೆ ಸಾಲು ಸಾಲಿಗೆ ಲಿಂಕ್ ಹಾಕುತ್ತಾ ಹೋದರೆ ಓದಲಿಕ್ಕೆ ಆಗುವುದಿಲ್ಲ. ಪುಟದ ಕೆಳಗೆ "ಇವನ್ನೂ ಓದಿ" ಅಂತ ತಾನಾಗಿ ಬರುವ ಪಟ್ಟಿಯನ್ನೇ ನಂಬಿ ಕೂರಬೇಡಿ. ಅದಕ್ಕೆ ನಿಮ್ಮ ಗಿರಾಕಿಯ ಮನಸ್ಸು ಗೊತ್ತಿಲ್ಲ.

ಒಂದು ತಾಂತ್ರಿಕ ವಿಷಯ. ಲಿಂಕ್ ಅಂದರೆ ಪುಟದ ಕೋಡಿನಲ್ಲಿ (ಎಚ್‌ಟಿಎಂಎಲ್) ಹೋಗಬೇಕಾದ ವಿಳಾಸವನ್ನು ಎಚ್‌ರೆಫ್ ಅಂತ ಬರೆದಿರುವ ಮಾಮೂಲಿ ಲಿಂಕೇ ಆಗಬೇಕು. ಒತ್ತಿದಾಗ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಂ ಓಡಿ ಪುಟ ತೆರೆಯುವ ಬಟನ್ ನೋಡಲು ಲಿಂಕಿನ ಹಾಗೇ ಇರುತ್ತದೆ. ಆದರೆ ಗೂಗಲ್ ಅದನ್ನು ಹಿಡಿದು ಮುಂದೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಸೈಟ್ ಮಾಡಿಕೊಟ್ಟವರಲ್ಲಿ ಇದೊಂದನ್ನು ಕೇಳಿ ಖಚಿತ ಮಾಡಿಕೊಳ್ಳಿ. ನಿಮ್ಮದೇ ಪುಟಗಳ ನಡುವಿನ ಲಿಂಕಿಗೆ ನೋಫಾಲೋ (ಇದನ್ನು ಹಿಡಿದು ಹೋಗಬೇಡ ಅಂತ ಗೂಗಲ್‌ಗೆ ಹೇಳುವ ಗುರುತು) ಹಾಕಿದ್ದರೆ ತೆಗೆಸಿ.

ದಾರಿ ಇಲ್ಲದ ಪುಟಗಳು

ಪ್ರತಿ ಸೈಟಿನಲ್ಲೂ ಯಾವ ಪುಟದಿಂದಲೂ ಲಿಂಕ್ ಇಲ್ಲದ ಕೆಲವು ಪುಟಗಳು ಇರುತ್ತವೆ. ಯಾವಾಗಲೋ ಬರೆದು ವಾಟ್ಸಾಪಿನಲ್ಲಿ ಹಂಚಿ ಮರೆತುಬಿಟ್ಟದ್ದು. ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರಲ್ಲಿ ಲಿಂಕ್ಸ್ ಅನ್ನುವ ಭಾಗಕ್ಕೆ ಹೋದರೆ, ಯಾವ ಪುಟಕ್ಕೆ ಒಳಗಿನಿಂದ ಎಷ್ಟು ಲಿಂಕ್ ಇದೆ ಅನ್ನುವ ಪಟ್ಟಿ ಸಿಗುತ್ತದೆ. ಅದನ್ನು ನಿಮ್ಮ ಪುಟಗಳ ಪೂರ್ತಿ ಪಟ್ಟಿಯ ಪಕ್ಕ ಇಟ್ಟು ನೋಡಿ. ದುಡ್ಡು ತರುವ ಪುಟ ಪಟ್ಟಿಯ ತಳದಲ್ಲಿದ್ದು, "ನಮ್ಮ ಬಗ್ಗೆ" ಪುಟ ಮೇಲಿದ್ದರೆ ಎಲ್ಲಿ ಕೆಲಸ ಬಾಕಿ ಇದೆ ಅಂತ ಗೊತ್ತಾಯಿತು. ಮುಖ್ಯ ಪುಟಗಳಿಗೆ ಹೋಮ್ ಪೇಜಿನಿಂದ ಎರಡು ಮೂರು ಕ್ಲಿಕ್ಕಿನಲ್ಲಿ ತಲುಪುವ ಹಾಗಿರಲಿ.

ಪುಟದ ಒಳಗೆ

ಟೈಟಲ್ ಅಂದರೆ ಹುಡುಕಾಟದ ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುವ ಸಾಲು. ತುಂಬಾ ಸೈಟುಗಳಲ್ಲಿ ಅಲ್ಲಿ "ಹೋಮ್" ಅಂತಲೋ, ಎಲ್ಲ ಪುಟಕ್ಕೂ ಅಂಗಡಿಯ ಹೆಸರೊಂದೇ ಅಂತಲೋ ಇರುತ್ತದೆ. ಪುಟಕ್ಕೊಂದು ಬೇರೆ ಟೈಟಲ್ ಬೇಕು. "ಮಂಗಳ ಅಡಿಕೆ ಸಸಿ: ಬೆಲೆ, ನೆಡುವ ಅಂತರ" ಅಂತ ಮೊದಲು ಬರಲಿ, ಆಮೇಲೆ ನರ್ಸರಿಯ ಹೆಸರು ಮತ್ತು ಊರು. ಉದ್ದವಾದರೆ ಮೊಬೈಲಿನಲ್ಲಿ ಬಾಲ ಕತ್ತರಿಸಿ ಹೋಗುತ್ತದೆ. ಕೆಲವೊಮ್ಮೆ ಗೂಗಲ್ ತಾನೇ ಟೈಟಲ್ ಬದಲಿಸಿ ತೋರಿಸುವುದೂ ಉಂಟು. ನಿಮ್ಮ ಟೈಟಲ್ ಪುಟಕ್ಕೆ ಸರಿಯಾಗಿ ಹೊಂದಿದ್ದರೆ ಬದಲಾಗುವ ಸಂಭವ ಕಡಿಮೆ.

ಟೈಟಲಿನ ಕೆಳಗೆ ಬರುವ ವಿವರಣೆಯ ಸಾಲು ರ‍್ಯಾಂಕ್ ಏರಿಸುವುದಿಲ್ಲ, ಆದರೆ ಒತ್ತಬೇಕೋ ಬೇಡವೋ ಅನ್ನುವುದಕ್ಕೆ ಸಹಾಯ ಮಾಡುತ್ತದೆ. ಮೆಟಾ ಕೀವರ್ಡ್‌ಗೆ, ಅಂದರೆ ಪುಟದ ಕೋಡಿನಲ್ಲಿ ಅಡಗಿಸಿ ಇಡುವ ಪದಗಳ ಪಟ್ಟಿಗೆ, ಸಮಯ ಹಾಕಬೇಡಿ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಅದಕ್ಕೆಂದೇ ಈಗಲೂ ಬಿಲ್ ಮಾಡುವವರಿದ್ದಾರೆ, ಕೊಡಬೇಡಿ.

ಬೆಲೆಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಬೆಲೆಪಟ್ಟಿ ಅಂದರೆ ಬೋರ್ಡಿನ ಫೋಟೋ. ವಾಟ್ಸಾಪಿಗೆ ಅದು ಸರಿ. ವೆಬ್‌ಸೈಟಿನಲ್ಲಿ ಆ ಫೋಟೋ ಮಾತ್ರ ಹಾಕಿದರೆ, ಅದರಲ್ಲಿರುವ ತಳಿಗಳ ಹೆಸರು ಪುಟದ ಪಠ್ಯದಲ್ಲಿ ಸೇರುವುದೇ ಇಲ್ಲ. ಟೈಪ್ ಮಾಡಿ ಟೇಬಲ್ ಮಾಡಿ. ಟೇಬಲ್ಲಿನ ಪ್ರತಿ ತಳಿಯ ಹೆಸರೂ ಅದರ ಪುಟಕ್ಕೆ ಲಿಂಕ್ ಆಗಲಿ. ಆಗ ಬೆಲೆಪಟ್ಟಿಯಿಂದಲೇ ಎಲ್ಲ ಪುಟಕ್ಕೂ ದಾರಿ ಆಯಿತು. ಬೆಲೆ ಬದಲಾದಾಗ ಒಂದು ಅಂಕಿ ತಿದ್ದಿದರೆ ಮುಗಿಯಿತು.

ಸಸಿಗಳ ಫೋಟೋ ಬೇಕೇ ಬೇಕು. ಆದರೆ ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೇ ಹಾಕಬೇಡಿ. ಸಣ್ಣದು ಮಾಡಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ತಿರುಗಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ತೋಟದ ನಡುವೆ ನಿಂತು ನೆಟ್‌ವರ್ಕ್ ಒಂದು ಗೆರೆ ಇರುವಾಗ ನೋಡುವವರೇ ನಮ್ಮ ಗಿರಾಕಿಗಳು. ಅವರಿಗಾಗಿಯಾದರೂ ಇದನ್ನು ಮಾಡಲೇಬೇಕು. ಚಿತ್ರಕ್ಕೆ ಕೊಡುವ ಆಲ್ಟ್ ಪಠ್ಯದಲ್ಲಿ ಕಂಡದ್ದನ್ನು ಬರೆಯಿರಿ: "ಪಾಲಿಥಿನ್ ಚೀಲದಲ್ಲಿ ಬೆಳೆದ ಮೋಹಿತ್‌ನಗರ ಅಡಿಕೆ ಸಸಿ". ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಇದನ್ನೇ.

ಪುಟದ ವಿಳಾಸ ಚಿಕ್ಕದಿರಲಿ, ಪದಗಳ ನಡುವೆ ಅಡ್ಡಗೆರೆ ಇರಲಿ. ಕನ್ನಡ ಅಕ್ಷರದ ವಿಳಾಸ ಗೂಗಲ್‌ಗೆ ಅರ್ಥವಾಗುತ್ತದೆ. ಆದರೆ ಕಾಪಿ ಮಾಡಿ ಕಳಿಸಿದಾಗ ಉದ್ದುದ್ದ ಶೇಕಡಾ ಚಿಹ್ನೆಗಳ ಸಾಲಾಗುವುದರಿಂದ ನಾನು ಇಂಗ್ಲಿಷ್ ಅಕ್ಷರಗಳನ್ನೇ ಬಳಸುತ್ತೇನೆ.

ಊರಿಗೊಂದು ಪುಟ ಬೇಡ

"ಪುತ್ತೂರಿನಲ್ಲಿ ಅಡಿಕೆ ಸಸಿ", "ಸುಳ್ಯದಲ್ಲಿ ಅಡಿಕೆ ಸಸಿ", "ಕಾಞಂಗಾಡಿನಲ್ಲಿ ಅಡಿಕೆ ಸಸಿ" ಅಂತ ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಪುಟವನ್ನು ಹತ್ತು ಸಲ ಹಾಕಿಕೊಡುವವರಿದ್ದಾರೆ. ಹುಡುಕಾಟಕ್ಕೆಂದೇ ಮಾಡಿದ ಇಂಥ ಪುಟಗಳನ್ನು ಗೂಗಲ್ ಸ್ಪಾಮ್ ಎಂದು ಎಣಿಸುತ್ತದೆ. ಅದರ ಬದಲು ಸಾಗಾಟದ ಒಂದೇ ಪುಟ ಮಾಡಿ. ಯಾವ ಊರಿಗೆ ಯಾವ ವಾರ ಗಾಡಿ ಹೋಗುತ್ತದೆ, ಕನಿಷ್ಠ ಎಷ್ಟು ಸಸಿ ಬೇಕು, ಬಾಡಿಗೆ ಹೇಗೆ ಅಂತ ನಿಜವಾದ ವಿವರ ಕೊಡಿ. ಪ್ರತಿ ಸಸಿಯ ಪುಟದಿಂದಲೂ ಅದಕ್ಕೆ ಲಿಂಕ್ ಇರಲಿ.

ಎರಡು ಭಾಷೆ

ಕಾಸರಗೋಡಿನಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ಕನ್ನಡ ಪುಟ, ಮಲಯಾಳ ಪುಟ ಬೇರೆ ಬೇರೆ ವಿಳಾಸದಲ್ಲಿ ಇರಲಿ. ಎರಡನ್ನೂ ಎಚ್‌ರೆಫ್‌ಲ್ಯಾಂಗ್ (ಇದೇ ಪುಟ ಬೇರೆ ಭಾಷೆಯಲ್ಲಿ ಎಲ್ಲಿದೆ ಅಂತ ಗೂಗಲ್‌ಗೆ ಹೇಳುವ ಗುರುತು) ಮೂಲಕ ಜೋಡಿಸಿ. ಕನ್ನಡ ಪುಟ ಮಲಯಾಳದ್ದನ್ನು ತೋರಿಸಿದರೆ ಮಲಯಾಳದ್ದೂ ತಿರುಗಿ ಕನ್ನಡದ್ದನ್ನು ತೋರಿಸಬೇಕು. ಒಂದು ಕಡೆ ಮಾತ್ರ ಇದ್ದರೆ ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲ್ಗಡೆ ಭಾಷೆ ಬದಲಿಸುವ ಲಿಂಕ್ ಒತ್ತಿದರೆ ಅದೇ ವಿಷಯದ ಪುಟಕ್ಕೇ ಹೋಗಬೇಕು. ಪಣಿಯೂರು-1 ಓದುತ್ತಿದ್ದವರನ್ನು ಮಲಯಾಳದ ಹೋಮ್ ಪೇಜಿಗೆ ತಂದು ಬಿಟ್ಟರೆ ಅವರು ಮತ್ತೆ ಹುಡುಕಬೇಕು. ಹೆಚ್ಚಿನವರು ಹುಡುಕುವುದಿಲ್ಲ.

ಸಸಿ ಮುಗಿದಾಗ

ಮಳೆಗಾಲದ ನಾಟಿ ಮುಗಿಯುವಾಗ ಕೆಲವು ತಳಿ ಖಾಲಿಯಾಗುತ್ತದೆ. ಆಗ ಪುಟ ಅಳಿಸಬೇಡಿ. "ಈ ವರ್ಷದ್ದು ಮುಗಿದಿದೆ, ಮುಂದಿನದು ಈ ತಿಂಗಳು ಸಿಗುತ್ತದೆ" ಅಂತ ಮೇಲೆ ಬರೆದು, ಈಗ ಸಿಗುವ ತಳಿಗೆ ಲಿಂಕ್ ಕೊಡಿ. ಅಷ್ಟು ದಿನದಿಂದ ಆ ಪುಟಕ್ಕೆ ಬಂದ ಲಿಂಕುಗಳೆಲ್ಲ ಹಾಗೇ ಉಳಿಯುತ್ತವೆ. ಒಂದು ತಳಿಯನ್ನು ಪೂರ್ತಿ ನಿಲ್ಲಿಸಿದರೆ, ಅದಕ್ಕೆ ಹತ್ತಿರದ ತಳಿಯ ಪುಟಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿಸಿ. ಜೊತೆಗೆ ಒಳಗಿನ ಹಳೆಯ ಲಿಂಕುಗಳನ್ನೂ ಹೊಸ ವಿಳಾಸಕ್ಕೆ ತಿದ್ದಿ.

ಇಷ್ಟಾದ ಮೇಲೆ ಮುಖ್ಯ ಪುಟಗಳ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ಮತ್ತೆ ನೋಡುವಂತೆ ಕೋರಿಕೆ ಕೊಡಿ. ಬದಲಾವಣೆ ಕಾಣಲು ವಾರಗಳೇ ಬೇಕು, ದಿನಾ ನೋಡಿ ಪ್ರಯೋಜನ ಇಲ್ಲ. ಪರ್ಫಾರ್ಮೆನ್ಸ್ ಭಾಗದಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಅಡಿಕೆ ಸಸಿಗೆ ಹುಡುಕಾಟ ಸೀಸನ್ ನೋಡಿ ಏರಿಳಿಯುವುದರಿಂದ ಈ ಮೇ ತಿಂಗಳನ್ನು ಹೋದ ಮೇ ತಿಂಗಳ ಜೊತೆಗೇ ಹೋಲಿಸಿ. ಹುಡುಕಾಟದ ಫಲಿತಾಂಶದಲ್ಲಿ ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಪುಟಗಳನ್ನು ಗುರುತು ಮಾಡಿಕೊಳ್ಳಿ. ಹೊಸದಾಗಿ ಏನು ಬರೆದರೂ, ಸಂಬಂಧ ಇದ್ದರೆ, ಮೊದಲ ಲಿಂಕ್ ಅವುಗಳಲ್ಲಿ ಒಂದಕ್ಕೆ ಹೋಗಲಿ.