ಮೊದಲು ಶೂ ಚಿಕ್ಕದಾಗುತ್ತದೆ

ಎತ್ತರ ಅಳೆಯುವ ದಿನ ಮಕ್ಕಳ ಕಳ್ಳಾಟ ನೋಡಬೇಕು. ಕುಳ್ಳಗಿರುವ ಹುಡುಗರು ಗೋಡೆಗೆ ಒರಗಿ ಹಿಮ್ಮಡಿಯನ್ನು ಒಂಚೂರು ಎತ್ತುತ್ತಾರೆ. ಉದ್ದ ಬೆಳೆದ ಹುಡುಗಿಯರು ಮಂಡಿಯನ್ನು ಒಂಚೂರು ಮಡಿಸುತ್ತಾರೆ. ಇಬ್ಬರ ಮುಖದಲ್ಲೂ ಏನೂ ಗೊತ್ತಿಲ್ಲದವರ ಕಳೆ.

ನಾನು ಪಿ.ಟಿ. ಮೇಷ್ಟ್ರು. ಕೆಲಸಕ್ಕೆ ಸೇರಿ 22 ವರ್ಷ ಆಯಿತು. 11ರಿಂದ 16 ವರ್ಷದವರೆಗಿನ ಮಕ್ಕಳು ನನ್ನ ಕೈಗೆ ಬರುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಎಲ್ಲರ ಎತ್ತರ ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಮೊದಲ ಏಳೆಂಟು ವರ್ಷ ಅದು ಬರೀ ಲೆಕ್ಕ ತುಂಬಿಸುವ ಕೆಲಸವಾಗಿತ್ತು. ಮೇಲಿನವರು ಕೇಳುತ್ತಾರೆ, ನಾನು ಬರೆಯುತ್ತೇನೆ, ಅಷ್ಟೇ. ಅದನ್ನು ಓದಬೇಕು ಅಂತ ಅನಿಸಿದ್ದು ಒಬ್ಬ ಓಟದ ಹುಡುಗನಿಂದ.

ಅವನಿಗೆ 12 ವರ್ಷಕ್ಕೇ ಮೀಸೆ ಚಿಗುರಿತ್ತು. ತೊಡೆ ಗಟ್ಟಿಯಾಗಿತ್ತು. ನೂರು ಮೀಟರ್‌ನಲ್ಲಿ ಅವನ ಹತ್ತಿರಕ್ಕೂ ಯಾರೂ ಬರುತ್ತಿರಲಿಲ್ಲ. ನಾನು ಎಲ್ಲರ ಮುಂದೆ ಅವನನ್ನು 'ಚಿರತೆ' ಅಂತಲೇ ಕರೆಯುತ್ತಿದ್ದೆ. ಅವನೂ ನೋಟ್‌ಬುಕ್‌ನ ರಟ್ಟಿನ ಮೇಲೆ ಹೆಸರಿನ ಬದಲು ಅದನ್ನೇ ಬರೆದುಕೊಂಡಿದ್ದ. ಎರಡು ವರ್ಷ ಕಳೆಯಿತು. ಮೊದಲೆಲ್ಲ ಅವನ ಬೆನ್ನು ನೋಡಿಕೊಂಡು ಓಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಮುಂದೆ ಹೋದರು. ಸ್ಪರ್ಧೆ ಇದ್ದ ದಿನವೆಲ್ಲ ಅವನಿಗೆ ಹೊಟ್ಟೆನೋವು ಶುರುವಾಯಿತು. ನಾನು ಸೋಮಾರಿತನ ಅಂದುಕೊಂಡೆ. ಬೈದೆ. ಒಂದು ದಿನ ತನ್ನ ಸ್ಪೈಕ್ಸ್, ಅಂದರೆ ಮೊಳೆ ಇರುವ ಓಟದ ಶೂ, ತಂದು ನನ್ನ ಮೇಜಿನ ಮೇಲಿಟ್ಟು, "ಸರ್, ನನಗೆ ಬೇರೆ ಏನೂ ಬರಲ್ಲ" ಅಂದ. ಆಡಲ್ಲ, ಓಡಲ್ಲ ಅಂತ ಹೇಳಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆನೋ ಏನೋ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ರಿಜಿಸ್ಟರ್ ಬಿಚ್ಚಿ ಕೂತೆ. ಅವನ ಸಾಲಿನಲ್ಲಿ 11ರಿಂದ 12ಕ್ಕೆ 10 ಸೆಂಟಿಮೀಟರ್. ಮುಂದಿನ ವರ್ಷ 6. ಆಮೇಲೆ 2. ಅವನನ್ನು ಹಿಂದೆ ಹಾಕಿದ ಹುಡುಗನದು 5, ಆಮೇಲೆ 6, ಆಮೇಲೆ 9. ಇವನು ನಿಧಾನವಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಬೆಳೆದಿದ್ದ, ಅಷ್ಟೇ. ಬೇಗ ಬೆಳೆದಿದ್ದನ್ನು ನಾನು ಪ್ರತಿಭೆ ಅಂತ ತಿಳಿದು, ಅದಕ್ಕೊಂದು ಹೆಸರನ್ನೂ ಇಟ್ಟು, ಅವನ ತಲೆಗೆ ಕಟ್ಟಿದ್ದೆ.

ಆಮೇಲೆ ಒಬ್ಬ ಮಕ್ಕಳ ಡಾಕ್ಟರ ಬೆನ್ನುಬಿದ್ದು ಕೇಳಿ ಕೇಳಿ ತಿಳಿದುಕೊಂಡೆ. ಮಿದುಳಿನ ತಳದಿಂದ ಒಂದು ಸಂದೇಶ ಹೊರಡುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಅಲ್ಲಿಂದ ಹೊರಟ ಹಾರ್ಮೋನು ಹುಡುಗಿಯರಲ್ಲಿ ಅಂಡಾಶಯವನ್ನು, ಹುಡುಗರಲ್ಲಿ ವೃಷಣವನ್ನು ಎಬ್ಬಿಸುತ್ತದೆ. ಈ ಸಂದೇಶ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ಹುಡುಗಿಯರಿಗೆ 8ರಿಂದ 13ರ ಒಳಗೆ, ಹುಡುಗರಿಗೆ 9ರಿಂದ 14ರ ಒಳಗೆ ಯಾವಾಗ ಶುರುವಾದರೂ ಸರಿಯೇ. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ 12 ವರ್ಷದ ಇಬ್ಬರ ಮೈಯ ವಯಸ್ಸಿನಲ್ಲಿ ಮೂರ್ನಾಲ್ಕು ವರ್ಷದ ಅಂತರ ಇರಬಹುದು. ಅವರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ವಿಸಿಲ್ ಊದುತ್ತಿದ್ದವನು ನಾನು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಹುಡುಗರಲ್ಲಿ ಮೊದಲ ಬದಲಾವಣೆ ಮೀಸೆಯಲ್ಲ, ವೃಷಣ ದೊಡ್ಡದಾಗುವುದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗಿಯರಲ್ಲಿ ಮೊದಲು ಎದೆ ಮೊಗ್ಗಾಗುತ್ತದೆ, ಎತ್ತರವೂ ಬೇಗ ಜಿಗಿಯುತ್ತದೆ. ಅಂದರೆ ಹುಡುಗನಿಗೆ ಅಭ್ಯಾಸ ಮಾಡಿಕೊಳ್ಳಲು ಗುಟ್ಟಾಗಿ ಒಂದಿಷ್ಟು ಕಾಲ ಸಿಗುತ್ತದೆ. ಹುಡುಗಿಯದು ಮೊದಲ ದಿನದಿಂದಲೇ ಎಲ್ಲರ ಮುಂದೆ. ಇದು ನನಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ.

ಎತ್ತರ ಇದ್ದಕ್ಕಿದ್ದಂತೆ ಜಿಗಿಯುವ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಸುಬಿಗೆ ಹತ್ತಿರದ್ದು. ಅದಕ್ಕೆ ಮುಂಚೆ ಮಗು ವರ್ಷಕ್ಕೆ 5-6 ಸೆಂಟಿಮೀಟರ್ ಬೆಳೆಯುತ್ತದೆ. ಜಿಗಿತದ ವರ್ಷದಲ್ಲಿ ಹುಡುಗಿಯರು ಸುಮಾರು 8, ಹುಡುಗರು 9-10. ಹುಡುಗಿಯರಿಗೆ ಅದು ಹೆಚ್ಚುಕಮ್ಮಿ 12ಕ್ಕೆ, ಹುಡುಗರಿಗೆ 14ಕ್ಕೆ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಹುಡುಗರಿಗೆ ಕಸುವು ಬರುವುದು ಇನ್ನೂ ತಡವಾಗಿ. ಮಧ್ಯದ ಕೆಲವು ತಿಂಗಳು ಮೈ ಉದ್ದ, ಬಲ ಹಳೆಯದು. ಹೋದ ಪರೀಕ್ಷೆಯ ಹೊತ್ತಿಗೆ ಹೈಜಂಪ್ ಕೋಲನ್ನು ಆರಾಮಾಗಿ ದಾಟುತ್ತಿದ್ದವನು ಈಗ ಹಿಮ್ಮಡಿಯಲ್ಲಿ ಅದನ್ನು ಬೀಳಿಸುತ್ತಾನೆ. ಬಾಗಿಲಿಗೆ ಭುಜ ತಾಗಿಸುತ್ತಾನೆ. ನೀರಿನ ಬಾಟಲಿ ಕೈಜಾರುತ್ತದೆ. ಮನೆಯಲ್ಲಿ 'ಕಣ್ಣು ಎಲ್ಲಿಟ್ಟಿದ್ದೀಯಾ' ಅಂತ ಬೈಸಿಕೊಳ್ಳುತ್ತಾನೆ.

ಈಗ ಯಾರಾದರೂ ಇದ್ದಕ್ಕಿದ್ದಂತೆ ಎಡವಲು ಶುರು ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ "ಶೂ ಬಿಗಿ ಆಗಿದೆಯಾ?" ಅಂತ. ಹೌದು ಅಂದರೆ ಆ ಮಗುವಿನ ಅಭ್ಯಾಸದ ಪಟ್ಟಿ ಬದಲಾಗುತ್ತದೆ. ನೆಗೆತ ಕಮ್ಮಿ. ಒಂಟಿ ಕಾಲಲ್ಲಿ ನಿಲ್ಲುವುದು, ನಿಧಾನದ ಓಟ, ಹೊಸದಾಗಿ ಹೆಜ್ಜೆ ಎಣಿಸುವುದು ಜಾಸ್ತಿ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ ನೋಯುವುದು, ಹಿಮ್ಮಡಿ ನೋಯುವುದು ಈ ಸಮಯದಲ್ಲಿ ಸಾಮಾನ್ಯ, ಓಡಾಟ ತಗ್ಗಿಸಿದರೆ ಬಹಳಷ್ಟು ತಗ್ಗುತ್ತದೆ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಊತ, ಜ್ವರ, ಕುಂಟುವಿಕೆ ಇದ್ದರೆ ನಾನು ಬುದ್ಧಿವಂತಿಕೆ ತೋರಿಸಲು ಹೋಗುವುದಿಲ್ಲ. ನೇರ ಡಾಕ್ಟರ ಹತ್ತಿರ.

ಇನ್ನು ನನ್ನ ದೊಡ್ಡ ತಪ್ಪು. ಎತ್ತರದ ಜೊತೆ ತೂಕವನ್ನೂ ನೋಡುತ್ತಿದ್ದೆ. ಒಬ್ಬರು ತಕ್ಕಡಿ ಹತ್ತುವುದು, ನಾನು ಕೂಗಿ ಹೇಳುವುದು, ಮೂಲೆಯಲ್ಲಿ ಕೂತ ಕ್ಲಾಸ್ ಲೀಡರ್ ಬರೆದುಕೊಳ್ಳುವುದು. ಒಬ್ಬ ಹುಡುಗಿ ತಕ್ಕಡಿ ಹತ್ತುವ ಮೊದಲು ವಾಚು ಬಿಚ್ಚಿದಳು. ಹೇರ್ ಕ್ಲಿಪ್ ಬಿಚ್ಚಿದಳು. ಆಮೇಲೆ ತಲೆ ಎತ್ತದೆ "ಸರ್, ಮೆಲ್ಲಗೆ ಹೇಳಿ" ಅಂದಳು. ನನಗೆ ಕೇಳಿಸಿತ್ತು. ಆದರೂ ಅಭ್ಯಾಸಬಲ, ಕೂಗಿದೆ. ಹಿಂದಿನಿಂದ ಯಾರೋ ಕಿಸಕ್ಕಂದರು. ಮುಂದಿನ ವಾರದಿಂದ ಅವಳು ಮೈದಾನಕ್ಕೆ ಬರಲಿಲ್ಲ. ತಲೆನೋವು, ಕಾಲುನೋವು, ಮತ್ತೆ ತಲೆನೋವು. ತರಗತಿಯಲ್ಲಿ ಒಳ್ಳೆ ವಾಲಿಬಾಲ್ ಆಡುತ್ತಿದ್ದವಳು. ತಿರುಗಿ ಬರಲೇ ಇಲ್ಲ. ಹರೆಯದಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬು ಸ್ವಲ್ಪ ಸೇರಲೇಬೇಕು, ಅದು ಬೆಳವಣಿಗೆಯ ಭಾಗ ಅಂತ ಅವಳಿಗೆ ಯಾರಾದರೂ ಹೇಳಬೇಕಿತ್ತು. ನಾನು ಹೇಳಿದ್ದು ಬರೀ ಕಿಲೋ.

ಈಗ ತಕ್ಕಡಿ ಪರದೆಯ ಹಿಂದಿದೆ. ತೂಕ ಬೇಕೇಬೇಕಾದಾಗ ಮಾತ್ರ, ಚೀಟಿಯಲ್ಲಿ ಬರೆದು ಮಡಿಸಿ ಅವರ ಕೈಗೇ ಕೊಡುತ್ತೇವೆ. ಹುಡುಗಿಯರ ವಿಷಯದಲ್ಲಿ ಒಬ್ಬ ಮೇಡಂ ನನಗೆ ಕಣ್ಣು ತೆರೆಸಿದರು. "ಅವರು ಮೊಣಕೈ ಎದೆಗೆ ಒತ್ತಿಕೊಂಡು ಓಡೋದು ಸ್ಟೈಲ್ ಅಲ್ಲ ಸರ್, ನೋಡಿ" ಅಂದರು. ನೋಡಿದೆ. ಹೌದಲ್ವಾ! ಆಮೇಲೆ ಮೇಡಂ ಸ್ಪೋರ್ಟ್ಸ್ ಬ್ರಾ ಬಗ್ಗೆ ತಾಯಂದಿರ ಜೊತೆ ಮಾತಾಡಿದರು. ಬಿಳಿ ಪ್ಯಾಂಟ್ ಹೋಗಿ ಕಪ್ಪು ಬಂತು. ಪ್ಯಾಡ್ ಇರುವ ಕಪಾಟಿಗೆ ಬೀಗ ತೆಗೆಸಿದೆವು, ಯಾರನ್ನೂ ಕೇಳುವ ಹಾಗಿಲ್ಲ, ತೆಗೆದುಕೊಂಡು ಹೋಗುವುದು. ಮುಟ್ಟು ಸಾಮಾನ್ಯವಾಗಿ ಎದೆ ಬೆಳೆಯಲು ಶುರುವಾದ ಎರಡು-ಮೂರು ವರ್ಷಕ್ಕೆ ಬರುತ್ತದೆ. ಮೊದಲ ಒಂದೆರಡು ವರ್ಷ ತಾರೀಖು ಹಿಂದೆಮುಂದೆ ಆಗುತ್ತದೆ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋಗುತ್ತಿದ್ದರೆ, ಏಳು ದಿನ ದಾಟಿದರೆ, 15 ತುಂಬಿದರೂ ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು. 13 ಆದರೂ ಎದೆ ಬೆಳೆಯದ ಹುಡುಗಿ, 14 ಆದರೂ ಯಾವ ಬದಲಾವಣೆಯೂ ಕಾಣದ ಹುಡುಗ, ಅವರಿಗೂ ಇದೇ ಮಾತು.

ಹುಡುಗರು ಏನೂ ಹೇಳಲ್ಲ ಅಂತಾರೆ. ನಿಜ, ಎದುರು ಕೂರಿಸಿಕೊಂಡು "ಏನಪ್ಪಾ ಸಮಸ್ಯೆ?" ಅಂದರೆ ಹೇಳಲ್ಲ. ಆಟ ಮುಗಿದ ಮೇಲೆ ಬಾಲು ಹೆಕ್ಕಲು ಒಬ್ಬನನ್ನು ನಿಲ್ಲಿಸಿಕೊಳ್ಳಿ. ಇಬ್ಬರ ಕಣ್ಣೂ ನೆಲದ ಮೇಲೆ, ಕೈಗೆ ಕೆಲಸ. ನಾಲ್ಕನೇ ಬಾಲಿನ ಹೊತ್ತಿಗೆ ಮಾತು ಬರುತ್ತದೆ. ಎಂಥ ಬಿಸಿಲಿಗೂ ಜಾಕೆಟ್ ತೆಗೆಯದ ಒಬ್ಬ ಹುಡುಗ ಹಾಗೇ ಬಾಯಿಬಿಟ್ಟ. ಅವನ ಎದೆಯಲ್ಲಿ ಗಂಟಿನ ಹಾಗೆ ಆಗಿತ್ತು, ಮುಟ್ಟಿದರೆ ನೋವು. ತಾನು ಹುಡುಗಿ ಆಗುತ್ತಿದ್ದೇನೆ ಅಂತ ನಾಲ್ಕು ತಿಂಗಳಿಂದ ನಂಬಿಕೊಂಡಿದ್ದ. ಸುಮಾರು ಅರ್ಧದಷ್ಟು ಹುಡುಗರಲ್ಲಿ ಇದು ಕಾಣಿಸುತ್ತದೆ, ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ ಅಂದೆ. ಡಾಕ್ಟರಿಂದಲೂ ಒಂದು ಮಾತು ಕೇಳಿಸಿಕೊಂಡು ಬಾ ಅಂದೆ. "ಅರ್ಧನಾ?" ಅಂತ ಮೂರು ಸಲ ಕೇಳಿದ. ಆಮೇಲೆ ಮೈದಾನದ ಕಡೆ ತಿರುಗಿ, ಆಡುತ್ತಿದ್ದವರಲ್ಲಿ ಆ ಅರ್ಧ ಯಾರಿರಬಹುದು ಅಂತ ಲೆಕ್ಕ ಹಾಕುವ ಹಾಗೆ ನೋಡಿದ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಈ ಭಾವಕ್ಕೆ ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ 'ಕಾಲ್ಪನಿಕ ಪ್ರೇಕ್ಷಕರು' ಅಂತ ಹೆಸರಿಟ್ಟರು. ಒಳ್ಳೆ ಹೆಸರು. ಆದರೆ ನನ್ನ ಮೈದಾನದಲ್ಲಿ ಪ್ರೇಕ್ಷಕರು ಅಷ್ಟೇನೂ ಕಾಲ್ಪನಿಕ ಅಲ್ಲ, ನಿಜವಾಗಿಯೂ ನೋಡುತ್ತಾರೆ, ನಿಜವಾಗಿಯೂ ಕಿಸಕ್ಕನ್ನುತ್ತಾರೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಆಡುವಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ನನ್ನ ಹುಡುಗರೂ ಅಷ್ಟೇ. ಕಾಂಪೌಂಡಿನಿಂದ ಹಾರುವವನು ಒಬ್ಬನೇ ಇದ್ದಾಗ ಹಾರಲ್ಲ. ಹಾಗಾಗಿ ಬೈಯುವುದಿದ್ದರೆ ನಾನು ಮೊದಲು ಪ್ರೇಕ್ಷಕರನ್ನು ಕಳಿಸುತ್ತೇನೆ. ಅವರು ಹೋದ ಮೇಲೆ ಬೈಯುವ ಅಗತ್ಯ ಅರ್ಧ ಉಳಿದಿರುವುದಿಲ್ಲ.

ಬೆಳಗಿನ ಜಾವದ ಅಭ್ಯಾಸವನ್ನೂ ಬಿಟ್ಟೆ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಆದರೆ 8ರಿಂದ 10 ಗಂಟೆ ನಿದ್ದೆ ಬೇಕೇಬೇಕು. ಸಂಜೆಗೆ ಬದಲಾಯಿಸಿದ ಮೇಲೆ ಜಗಳ ಕಮ್ಮಿಯಾಯಿತು. ಇದಕ್ಕಿಂತ ಸುಲಭದ ಕೆಲಸ ನಾನು ಇನ್ನೊಂದು ಮಾಡಿಲ್ಲ.

'ಚಿರತೆ'ಯ ವಿಷಯಕ್ಕೆ ಮತ್ತೆ ಬರುತ್ತೇನೆ, ಅದು ಇನ್ನೂ ಚುಚ್ಚುತ್ತದೆ. ಹದಿಹರೆಯದ ಮುಖ್ಯ ಕೆಲಸವೇ ನಾನು ಯಾರು ಅಂತ ಹುಡುಕುವುದು ಅಂದವರು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್. ಅದರ ಮೇಲೆ 1966ರಲ್ಲಿ ಜೇಮ್ಸ್ ಮಾರ್ಸಿಯಾ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಅದರಲ್ಲಿ ಒಂದು, ತಾನು ಹುಡುಕುವ ಮೊದಲೇ ಬೇರೆಯವರು ಕೊಟ್ಟ ಗುರುತನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಓದಿದಾಗ ಆ ನೋಟ್‌ಬುಕ್‌ನ ರಟ್ಟು ಕಣ್ಣಮುಂದೆ ಬಂತು. ಆ ಹುಡುಗ ಆಮೇಲೆ ಸ್ಟಾಪ್‌ವಾಚ್ ಹಿಡಿದು ಚಿಕ್ಕವರ ಓಟಕ್ಕೆ ಸಮಯ ನೋಡಲು ಬಂದ. ಮನಸ್ಸಿಟ್ಟು ನೋಡುತ್ತಿದ್ದ. ಸ್ಪೈಕ್ಸ್ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಈಗ ನಾನು ಯಾರಿಗೂ ಬಿರುದು ಕೊಡುವುದಿಲ್ಲ. ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ ಮೂರು ಕೆಲಸ ಮಾಡಲೇಬೇಕು. ಆಡುವುದು, ವಿಸಿಲ್ ಊದುವುದು, ಸ್ಕೋರ್ ಬರೆಯುವುದು, ಯಾವುದಾದರೂ ಸರಿ. ಓಟದ ಗುಂಪನ್ನು ಕೆಲವೊಮ್ಮೆ ಹುಟ್ಟಿದ ವರ್ಷ ನೋಡದೆ ರಿಜಿಸ್ಟರಿನ ಬೆಳವಣಿಗೆ ನೋಡಿ ಮಾಡುತ್ತೇನೆ. ಇನ್ನೊಂದು ಸಣ್ಣ ಬದಲಾವಣೆ. ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು ಅಂತ ಕೂಗಿದಾಗಲೆಲ್ಲ ಒಂದು ಮಗು ಎರಡು ಸಾಲಿನ ನಡುವೆ ಕೂತು ಶೂ ಲೇಸ್ ಕಟ್ಟುತ್ತಿತ್ತು. ಎಲ್ಲರೂ ನಿಂತು ಮುಗಿಯುವವರೆಗೂ ಕಟ್ಟುತ್ತಿತ್ತು. ಏನೆಂದು ನಾನು ಕೇಳಲಿಲ್ಲ. ಹುಟ್ಟಿದ ತಿಂಗಳ ಪ್ರಕಾರ ಸಾಲು ಮಾಡಿಸಲು ಶುರು ಮಾಡಿದೆ. ಲೇಸ್ ಬಿಚ್ಚಿಕೊಳ್ಳುವುದು ನಿಂತಿತು.

ಹೋದ ತಿಂಗಳು ಮತ್ತೆ ಎತ್ತರ ಅಳೆದೆವು. 14 ತುಂಬಿದ, ತರಗತಿಯಲ್ಲೇ ಕುಳ್ಳಗಿರುವ ಹುಡುಗನ ಸರದಿ ಬಂತು. ಹಿಮ್ಮಡಿ ಎತ್ತಿದ. ಇಳಿಸು ಅಂದೆ, ಇಳಿಸಿದ. ನಾಲ್ಕು ತಿಂಗಳಲ್ಲಿ ಒಂದೂವರೆ ಸೆಂಟಿಮೀಟರ್.

"ಸರ್, ನಂದು ಇಷ್ಟೇನಾ?"

"ಶೂ ಹೇಗಿದೆ?"

"ಹೊಸದು ಸರ್. ತಗೊಂಡು ಎರಡು ತಿಂಗಳಾಗಿಲ್ಲ, ಆಗಲೇ ಹೆಬ್ಬೆರಳು ಒತ್ತುತ್ತೆ. ಮನೇಲಿ ಬೈತಿದ್ದಾರೆ."

ಅವನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ಶೂ' ಅಂತ ಬರೆದು, ಅವನ ಕಡೆಗೆ ತಿರುಗಿಸಿ ತೋರಿಸಿ, ಮುಂದಿನವರನ್ನು ಕರೆದೆ.