ಹದಿಮೂರರ ಮಗ್ಗಿ ಹೇಳುತ್ತಾ ನಡೆದ ಮೇಷ್ಟ್ರು

ಕೋಲಾರದಲ್ಲಿ ನಾನು ನಡೆಸುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಸೊಸೆ ಕರೆತಂದದ್ದು ಮಂಡಿನೋವಿಗೆಂದು. ವಯಸ್ಸು 71, ಸಕ್ಕರೆ ಕಾಯಿಲೆಗೆ 16 ವರ್ಷ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9. ಮೇಷ್ಟ್ರು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಸೊಸೆ ದನಿ ತಗ್ಗಿಸಿ, "ಮಂಡಿಗಿಂತ ಮರೆವೇ ಜಾಸ್ತಿ ಸಾರ್, ಹಾಲಿನವನಿಗೆ ಒಂದೇ ತಿಂಗಳು ಎರಡು ಸಲ ದುಡ್ಡು ಕೊಟ್ಟಿದ್ದಾರೆ" ಎಂದರು.

ದಿನವೂ ಒಂದು ಗಂಟೆ ವಾಕಿಂಗ್ ಮಾಡುತ್ತೇನೆಂಬುದು ಮೇಷ್ಟ್ರ ವಾದ. ವಿಚಾರಿಸಿದಾಗ, ಅದರಲ್ಲಿ ಮುಕ್ಕಾಲು ಪಾಲು ಟೀ ಅಂಗಡಿಯ ಬೆಂಚಿನ ಮೇಲೆ ಕಳೆಯುತ್ತಿತ್ತೆಂದು ತಿಳಿಯಿತು. ಕೈ ಊರದೆ ಕುರ್ಚಿಯಿಂದ ಏಳುವ ಪರೀಕ್ಷೆಯಲ್ಲಿ ಅವರ ವಯಸ್ಸಿನ ಗಂಡಸರು 30 ಸೆಕೆಂಡಿನಲ್ಲಿ ಕನಿಷ್ಠ 12 ಸಲ ಏಳಬೇಕು. ಅವರು ಎದ್ದದ್ದು ಆರು ಸಲ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಆದ್ದರಿಂದ ಬೆಳಗಿನ ವಿಹಾರವನ್ನು ಒಡೆದು, ಮೂರು ಹೊತ್ತೂ ಊಟವಾದ ಅರ್ಧ ಗಂಟೆಯೊಳಗೆ 15 ನಿಮಿಷ ನಡೆಯಬೇಕೆಂದೂ, ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಬೇಕೆಂದೂ ಹೇಳಿದೆ.

ಅಲ್ಲಿಗೇ ನಿಲ್ಲಿಸದೆ, ಬೆಳಿಗ್ಗೆ ಮೆಟ್ಟಿಲು ಹತ್ತುವುದನ್ನೂ ಸೇರಿಸಿದ್ದು ನನ್ನ ತಪ್ಪು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ತಿಂಡಿ ತಿನ್ನದೆ ಮೆಟ್ಟಿಲು ಹತ್ತಿಳಿದ ಅವರು ಬೆವೆತು, ತಮ್ಮದೇ ಗೇಟಿನ ಮುಂದೆ ದಿಕ್ಕು ತೋಚದೆ ನಿಂತಿದ್ದರು. ಮನೆಯವರು ಅರಳು-ಮರಳು ಎಂದುಕೊಂಡರು. ಗ್ಲುಕೋಮೀಟರ್ 52 ತೋರಿಸಿತು. ಹೀಗೆ ಸಕ್ಕರೆ ಕುಸಿಯುವುದು ಮಿದುಳಿಗೂ ಒಳ್ಳೆಯದಲ್ಲ. ಅಂದಿನಿಂದ, ಮಾತ್ರೆ ಬರೆದ ವೈದ್ಯರೊಡನೆ ಮಾತನಾಡದೆ ನಾನು ಯಾರಿಗೂ ವ್ಯಾಯಾಮ ಹೆಚ್ಚಿಸಿಲ್ಲ.

ಆರು ತಿಂಗಳ ಬಳಿಕ ಕುರ್ಚಿ ಪರೀಕ್ಷೆಯಲ್ಲಿ ಅವರು 11 ಸಲ ಎದ್ದರು, ಎಚ್‌ಬಿಎ1ಸಿ 7.4ಕ್ಕೆ ಇಳಿಯಿತು, ಈ ನಡುವೆ ಮಾತ್ರೆಯೂ ಬದಲಾಗಿದ್ದರಿಂದ ಪೂರ್ತಿ ಶ್ರೇಯಸ್ಸು ನಡಿಗೆಯದಲ್ಲ. ನೆನಪಿನ ಪರೀಕ್ಷೆಯಲ್ಲಿ ಒಂದೆರಡು ಅಂಕ ಏರಿದವು, ಆದರೆ ಅದೇ ಪರೀಕ್ಷೆಯನ್ನು ಎರಡನೆಯ ಸಲ ಬರೆಯುವವರಿಗೆ ಅಷ್ಟು ಏರುವುದು ಸಹಜ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಆಹಾರ, ವ್ಯಾಯಾಮ, ಮಿದುಳಿನ ಅಭ್ಯಾಸ, ರಕ್ತದೊತ್ತಡದ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಸ್ವಲ್ಪ ಪ್ರಯೋಜನ ಕಂಡಿತು. ಅಮೆರಿಕದಲ್ಲಿ 70 ದಾಟಿದ 1,635 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ವ್ಯಾಯಾಮವೊಂದರಿಂದಲೇ ಯೋಚನಾಶಕ್ತಿ ಸುಧಾರಿಸಲಿಲ್ಲ. ಹೀಗಾಗಿ ಮರೆವು ವಾಸಿಯಾಗುತ್ತದೆಂದು ನಾನು ಯಾವ ಮನೆಯವರಿಗೂ ಮಾತು ಕೊಡುವುದಿಲ್ಲ.

ನಡಿಗೆಯ ಜೊತೆಗೆ ಹದಿಮೂರರ ಮಗ್ಗಿ ಹೇಳಿಸುವ ಅಭ್ಯಾಸವನ್ನೂ ಮಾಡಿಸಿದ್ದೆ, ಏಕೆಂದರೆ ಮಾತನಾಡಲು ನಡಿಗೆ ನಿಲ್ಲಿಸುವ ಹಿರಿಯರು ಬೀಳುವ ಸಂಭವ ಹೆಚ್ಚು. ಮೊದಲೆಲ್ಲ "ಹದಿಮೂರೇಳ್ಲ" ಎಂದೊಡನೆ ಅವರ ಕಾಲು ನಿಂತುಬಿಡುತ್ತಿತ್ತು. ಮೊನ್ನೆ "ಹದಿಮೂರೆಂಟ್ಲ ನೂರ ಹದಿನಾಲ್ಕು" ಎಂದು ತಪ್ಪು ಹೇಳಿದರು, ಆದರೆ ಕಾಲು ನಿಲ್ಲಲಿಲ್ಲ. ನಾನು ತಿದ್ದಲಿಲ್ಲ.