ಸಿಹಿನೀರು, ಉಪ್ಪುನೀರು ಎರಡಕ್ಕೂ ಒಂದೇ ಫಿಲ್ಟರ್: ಮೊದಲು ಇಂಪೆಲ್ಲರ್ ಕಡ್ಡಿ ನೋಡಿ

100 ಲೀಟರಿನ ಸಿಹಿನೀರಿನ ಮೀನಿನ ತೊಟ್ಟಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಹ್ಯಾಂಗ್-ಆನ್ (ಅಂಚಿಗೆ ನೇತುಹಾಕುವ) ಫಿಲ್ಟರ್, ಉಪ್ಪುನೀರಿಗೆ ಹಾಕಿದ ಮೇಲೆ ಕಿರುಗುಟ್ಟಿ ನಿಂತಿತು. ಬಿಚ್ಚಿದರೆ ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ಚಕ್ರ) ತಿರುಗುವ ಸ್ಟೀಲ್ ಕಡ್ಡಿಗೆ ತುಕ್ಕು. ಸೆರಾಮಿಕ್ ಕಡ್ಡಿಯ ಇಂಪೆಲ್ಲರ್ ಹಾಕಿದ ಮೇಲೆ ಸರಿಹೋಯಿತು. ಕೊಳ್ಳುವಾಗ ಅಂಗಡಿಯಲ್ಲೇ ಇಂಪೆಲ್ಲರ್ ಹೊರಗೆಳೆದು ನೋಡಿ. ನೀರು ತಾಗುವ ಕಡೆ ಮಾಮೂಲಿ ಸ್ಟೀಲಿನ ಒಂದು ಸ್ಕ್ರೂ ಕಂಡರೂ ಬೇಡ ಅನ್ನಿ.

ಹರಿವು ಸಿಹಿನೀರಿಗೆ ಗಂಟೆಗೆ ತೊಟ್ಟಿಯ 4–6 ಪಟ್ಟು, ಅಂದರೆ ಇಲ್ಲಿ 400–600 ಲೀಟರ್ ಸಾಕು. ಉಪ್ಪುನೀರಿಗೆ 10 ಪಟ್ಟಾದರೂ ಬೇಕು. ಅದಕ್ಕಾಗಿ ದೊಡ್ಡ ಫಿಲ್ಟರಿಗೆ ದುಡ್ಡು ಸುರಿಯುವುದು ದಂಡ, ತೊಟ್ಟಿಯೊಳಗೇ ನೀರು ಓಡಾಡಿಸುವ ಪಂಪು, ಒಂದು ವೇವ್‌ಮೇಕರ್ ಸೇರಿಸಿ.

ತಾಮ್ರದ ಔಷಧಿ ಹಾಕಿದ್ದ ತೊಟ್ಟಿಯ ಸ್ಪಂಜು, ಸೆರಾಮಿಕ್ ರಿಂಗುಗಳನ್ನು ಮತ್ತೆ ಬಳಸಬೇಡಿ. ಅವುಗಳಲ್ಲಿ ಉಳಿದ ತಾಮ್ರ ಸಿಗಡಿ, ಹವಳಗಳನ್ನು ಕೊಲ್ಲುತ್ತದೆ. ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಸಿಹಿನೀರಿನ ಬ್ಯಾಕ್ಟೀರಿಯಾ ಒಮ್ಮೆಲೇ ಬಿದ್ದ ಉಪ್ಪಿಗೆ ತಡೆಯುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪು ಬೆರೆಸಿ (ಅಡುಗೆ ಉಪ್ಪು ಖಂಡಿತ ಅಲ್ಲ) ಸೈಕಲ್, ಅಂದರೆ ಈ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ, ಮೊದಲಿನಿಂದ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ 4–6 ವಾರ ಹಿಡಿಯುತ್ತದೆ.

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಆಗ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ಕೊಳೆತು ನಾರುತ್ತದೆ. ಹಾಗೇ ಸ್ವಿಚ್ ಹಾಕಿದರೆ ಆ ನೀರೆಲ್ಲ ತೊಟ್ಟಿಗೆ ಬರುತ್ತದೆ. ಮೊದಲು ಅದನ್ನು ಚೆಲ್ಲಿ, ಮೀಡಿಯಾವನ್ನು (ಒಳಗಿನ ಸ್ಪಂಜು, ರಿಂಗುಗಳನ್ನು) ತೊಟ್ಟಿಯದೇ ನೀರಿನಲ್ಲಿ ಜಾಲಿಸಿ. ಬ್ಯಾಟರಿ ಏರ್‌ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಂದು ಜೊತೆಗಿದ್ದರೆ ಮೀನು ಬಚಾವು.